ನೆಲಕ್ಕೆ ಸಿಕ್ಕ ದರ್ಜೆ: ಬರ್ಗಂಡಿ ವೈನಿನ ವರ್ಗೀಕರಣವನ್ನು ಅರಿಯುವ ಬಗೆ

ಫ್ರಾನ್ಸಿನ ವೈನುಗಳಲ್ಲಿ ಹೊಸಬರನ್ನು ಅತಿ ಹೆಚ್ಚು ದಿಕ್ಕುಗೆಡಿಸುವುದು ಬರ್ಗಂಡಿಯ ವೈನು. ಅದರ ಲೇಬಲ್ ಮೇಲೆ ದ್ರಾಕ್ಷಿಯ ತಳಿ ಯಾವುದೆಂಬುದು ಸಾಮಾನ್ಯವಾಗಿ ಬರೆದಿರುವುದಿಲ್ಲ. ಇರುವುದು ಒಂದು ಊರಿನ ಹೆಸರು, ಇಲ್ಲವೇ ಆ ಊರಿನ ಒಂದು ತೋಟದ ಹೆಸರು, ಜೊತೆಗೆ ತಯಾರಕರ ಹೆಸರು. ಒಂದೇ ತೋಟದ ಹೆಸರನ್ನು ಹೊತ್ತ ಬಾಟಲಿಗಳು ಹತ್ತಾರು ತಯಾರಕರಿಂದ ಮಾರುಕಟ್ಟೆಗೆ ಬರುತ್ತವೆ. ಎಲ್ಲವೂ ಕಾನೂನಿನ ಪ್ರಕಾರ ಒಂದೇ ದರ್ಜೆಯವು, ಆದರೆ ಬೆಲೆಯಲ್ಲಿ ಹಲವು ಪಟ್ಟು ಅಂತರವಿರುತ್ತದೆ. ಈ ಗೋಜಲಿನ ತಳದಲ್ಲಿರುವ ನಿಯಮ ಮಾತ್ರ ಸರಳವಾದದ್ದು: ಬರ್ಗಂಡಿಯಲ್ಲಿ ದರ್ಜೆ ಸಿಕ್ಕಿರುವುದು ನೆಲಕ್ಕೆ, ವೈನು ತಯಾರಿಸಿದವರಿಗಲ್ಲ.

ಫ್ರಾನ್ಸಿನ ಇನ್ನೊಂದು ಹೆಸರಾಂತ ಪ್ರದೇಶವಾದ ಬೋರ್ಡೋದಲ್ಲಿ ಇದಕ್ಕೆ ವಿರುದ್ಧವಾದ ಕ್ರಮವಿದೆ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಅಲ್ಲಿನ ದಲ್ಲಾಳಿಗಳು ಬಹುಕಾಲದಿಂದ ನಡೆದುಬಂದ ಮಾರಾಟದ ಬೆಲೆಗಳನ್ನು ಆಧರಿಸಿ ಮೆದೋಕ್ ಭಾಗದ ಕೆಂಪು ವೈನುಗಳಿಗೆ ಐದು ದರ್ಜೆಗಳ ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿರುವುದು ಶಾತೋಗಳು, ಅಂದರೆ ಒಂದು ಮನೆತನವೋ ಸಂಸ್ಥೆಯೋ ನಡೆಸುವ ಎಸ್ಟೇಟುಗಳು. ಅಂಥ ಎಸ್ಟೇಟು ಅದೇ ವೈನ್ ಸೀಮೆಯೊಳಗೆ ನೆರೆಯವರ ತೋಟವನ್ನು ಕೊಂಡು ತನ್ನದಕ್ಕೆ ಸೇರಿಸಿಕೊಂಡರೆ, ನಿನ್ನೆಯವರೆಗೆ ಯಾವ ದರ್ಜೆಯೂ ಇಲ್ಲದಿದ್ದ ಆ ನೆಲದ ದ್ರಾಕ್ಷಿಯೂ ದರ್ಜೆಯ ವೈನಿನೊಳಗೆ ಸೇರಬಹುದು. ಬರ್ಗಂಡಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ತೋಟ ಯಾರ ಕೈ ಸೇರಿದರೂ ಅದರ ದರ್ಜೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ; ನಿಪುಣ ತಯಾರಕನು ಸಾಧಾರಣ ನೆಲದಿಂದ ಎಷ್ಟೇ ಸೊಗಸಾದ ವೈನು ತೆಗೆದರೂ ಲೇಬಲ್ ಮೇಲೆ ಆ ಸಾಧಾರಣ ನೆಲದ ದರ್ಜೆಯನ್ನೇ ನಮೂದಿಸಬೇಕು.

ನೆಲಕ್ಕೆ ಇಷ್ಟು ಮಹತ್ವ ಬಂದದ್ದೇಕೆ ಎಂಬುದಕ್ಕೆ ಉತ್ತರ ಅಲ್ಲಿನ ಭೂರಚನೆಯಲ್ಲಿದೆ. ಬರ್ಗಂಡಿ ಇರುವುದು ಫ್ರಾನ್ಸಿನ ಪೂರ್ವಭಾಗದಲ್ಲಿ. ಅದರ ಹೃದಯಭಾಗವಾದ ಕೋತ್ ದೋರ್ ಎಂಬ ಇಳಿಜಾರು ದಿಜೋನ್ ನಗರದ ದಕ್ಷಿಣಕ್ಕೆ ಆರಂಭವಾಗಿ, ಬೋನ್ ಪಟ್ಟಣವನ್ನು ಹಾದು, ಸುಮಾರು 50 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿದೆ. ಅಗಲ ಕೆಲವೆಡೆ ಕೆಲವೇ ನೂರು ಮೀಟರ್. ಉತ್ತರದ ಅರ್ಧವನ್ನು ಕೋತ್ ದ ನ್ವಿ ಎಂದೂ ದಕ್ಷಿಣದ ಅರ್ಧವನ್ನು ಕೋತ್ ದ ಬೋನ್ ಎಂದೂ ಕರೆಯುತ್ತಾರೆ. ಮೊದಲನೆಯದು ಪಿನೋ ನ್ವಾರ್ ದ್ರಾಕ್ಷಿಯ ಕೆಂಪು ವೈನಿಗೆ ಹೆಸರಾದರೆ, ಎರಡನೆಯದು ಕೆಂಪಿನ ಜೊತೆಗೆ ಶಾರ್ಡೊನೆ ದ್ರಾಕ್ಷಿಯ ಬಿಳಿ ವೈನಿಗೂ ಹೆಸರಾಗಿದೆ. ಇವುಗಳ ದಕ್ಷಿಣಕ್ಕೆ ಕೋತ್ ಶಾಲೊನೇಸ್ ಮತ್ತು ಮಾಕೋನೆ, ವಾಯವ್ಯಕ್ಕೆ ನೂರು ಕಿಲೋಮೀಟರಿಗೂ ದೂರದಲ್ಲಿ ಒಂಟಿಯಾಗಿ ಶಾಬ್ಲಿ ಇವೆ.

ಸುಮಾರು 16 ಕೋಟಿ ವರ್ಷಗಳ ಹಿಂದೆ ಈ ಪ್ರದೇಶವನ್ನು ಆಳವಿಲ್ಲದ ಬೆಚ್ಚನೆಯ ಕಡಲು ಆವರಿಸಿತ್ತು. ಅದರ ತಳದಲ್ಲಿ ಶೇಖರವಾದ ಚಿಪ್ಪು, ಕೆಸರುಗಳು ಗಟ್ಟಿಯಾಗಿ ಸುಣ್ಣಕಲ್ಲಿನ ಪದರಗಳಾದವು. ಬಹಳ ಕಾಲದ ಮೇಲೆ ಪೂರ್ವದಲ್ಲಿ ಇಂದಿನ ಸೋನ್ ನದಿಯ ಬಯಲು ಕುಸಿದಾಗ ಆ ಪದರಗಳು ಬಿರುಕುಬಿಟ್ಟು, ಒಂದರ ಪಕ್ಕ ಒಂದು ಬೇರೆ ಬೇರೆ ಮಟ್ಟಗಳಲ್ಲಿ ಬಯಲಿಗೆ ಬಂದವು. ಹಾಗಾಗಿ ಇಳಿಜಾರಿನಲ್ಲಿ ಐವತ್ತು ಹೆಜ್ಜೆ ನಡೆಯುವಷ್ಟರಲ್ಲಿ ಕಾಲ ಕೆಳಗಿನ ಮಣ್ಣು ಬದಲಾಗಿರುತ್ತದೆ. ಕಾಡು ಹೊದ್ದ ನೆತ್ತಿಯ ಬಳಿ ಮಣ್ಣು ತೆಳು, ಗಾಳಿ ತಣ್ಣಗೆ. ಬುಡದಲ್ಲಿ ಮೇಲಿನಿಂದ ಕೊಚ್ಚಿ ಬಂದ ಮಣ್ಣು ಆಳವಾಗಿ ಕೂತಿದ್ದು ನೀರು ನಿಲ್ಲುತ್ತದೆ, ವಸಂತದಲ್ಲಿ ಚಿಗುರನ್ನು ಸುಡುವ ಹಿಮದ ಕಾಟವೂ ಅಲ್ಲೇ ಹೆಚ್ಚು. ನಡುವಿನ ಪಟ್ಟಿಯಲ್ಲಿ ಸುಣ್ಣಕಲ್ಲಿನ ಚೂರುಗಳೂ ಜೇಡಿಮಣ್ಣೂ ಹದವಾಗಿ ಬೆರೆತಿವೆ. ನೀರು ಬಸಿದು ಹೋಗುತ್ತದೆ, ಪೂರ್ವಕ್ಕೆ ಮುಖಮಾಡಿದ ಗಿಡಗಳಿಗೆ ಬೆಳಗಿನಿಂದಲೇ ಬಿಸಿಲು ಸಿಗುತ್ತದೆ. ಕೆಂಪು ದ್ರಾಕ್ಷಿ ಪೂರ್ತಿ ಹಣ್ಣಾಗುವುದೇ ಅನುಮಾನವೆನ್ನುವಷ್ಟು ತಂಪಾದ ಸೀಮೆಯಿದು; ಇಲ್ಲಿ ಬಿಸಿಲಿನ ಒಂದೆರಡು ಗಂಟೆ, ನೀರು ಬಸಿಯುವ ವೇಗದ ಅಲ್ಪ ವ್ಯತ್ಯಾಸ ಕೂಡ ಹಣ್ಣಿನಲ್ಲಿ ಎದ್ದು ಕಾಣುತ್ತದೆ. ಅತ್ಯುನ್ನತ ದರ್ಜೆಯ ತೋಟಗಳೆಲ್ಲ ಹೆಚ್ಚುಕಡಿಮೆ ಈ ನಡುಪಟ್ಟಿಯಲ್ಲೇ, ಸಮುದ್ರಮಟ್ಟದಿಂದ 250ರಿಂದ 300 ಮೀಟರ್ ಎತ್ತರದ ಆಸುಪಾಸಿನಲ್ಲಿ ಸಾಲಾಗಿ ಕೂತಿರುವುದು ಆಕಸ್ಮಿಕವಲ್ಲ.

ಈ ವ್ಯತ್ಯಾಸಗಳನ್ನು ಗುರುತಿಸಿ ಎಲ್ಲೆ ಹಾಕುವ ಕೆಲಸದಲ್ಲಿ ದೊಡ್ಡ ಪಾಲು ಕ್ರೈಸ್ತ ಸನ್ಯಾಸಿಗಳದು. ಕ್ಲುನಿಯ ಬೆನೆಡಿಕ್ಟೈನರು, 1098ರಲ್ಲಿ ಸೀತೋದಲ್ಲಿ ಮಠ ಕಟ್ಟಿದ ಸಿಸ್ಟರ್ಷಿಯನರು ದಾನವಾಗಿ ಬಂದ ಭೂಮಿಯಲ್ಲಿ ತಲೆಮಾರುಗಳ ಕಾಲ ದ್ರಾಕ್ಷಿ ಬೆಳೆದರು. ಮಠಕ್ಕೆ ಸಾವಿಲ್ಲ, ಆಸ್ತಿ ಪಾಲಾಗುವುದೂ ಇಲ್ಲ. ಹೀಗಾಗಿ ಯಾವ ತುಂಡು ನೆಲದ ವೈನು ಹೇಗೆ ಬರುತ್ತದೆ ಎಂಬ ತಿಳಿವಳಿಕೆ ಶತಮಾನಗಳವರೆಗೆ ಒಂದೇ ಕಡೆ ಕೂಡುತ್ತ ಹೋಯಿತು. ಹೀಗೆ ಎಲ್ಲೆಯೂ ಹೆಸರೂ ಪಡೆದ ತುಂಡುಗಳನ್ನು ಅಲ್ಲಿ ಕ್ಲಿಮಾ ಎನ್ನುತ್ತಾರೆ. ಕೋತ್ ದೋರಿನ ಇಂಥ 1247 ಕ್ಲಿಮಾಗಳನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತಳಿಯ ವಿಷಯದಲ್ಲಿ ಆಳುವವರು ಕೈಹಾಕಿದ್ದೂ ಉಂಟು. 1395ರಲ್ಲಿ ಬರ್ಗಂಡಿಯ ಡ್ಯೂಕ್ ಎರಡನೆಯ ಫಿಲಿಪ್, ಹೆಚ್ಚು ಇಳುವರಿ ಕೊಡುವ ಗಾಮೆ ತಳಿಯನ್ನು ಕೆಟ್ಟದ್ದು, ನಂಬಿಕೆಗೆ ಅನರ್ಹವಾದದ್ದು ಎಂದು ಜರೆದು, ಕಿತ್ತೆಸೆಯಲು ಆಜ್ಞೆ ಮಾಡಿದನು. ಗಾಮೆ ಪೂರ್ತಿ ಅಳಿಯಲಿಲ್ಲ. ದಕ್ಷಿಣದ ಬೋಜೊಲೆಯ ಗ್ರಾನೈಟ್ ನೆಲದಲ್ಲಿ ಅದಕ್ಕೆ ತಕ್ಕ ನೆಲೆ ಸಿಕ್ಕಿತು.

ನೆಲದ ನಕ್ಷೆ ಹೀಗೆ ಗಟ್ಟಿಯಾಗಿ ನಿಂತರೂ ನೆಲದ ಒಡೆತನ ಮಾತ್ರ ಪುಡಿಪುಡಿಯಾಯಿತು. 1789ರ ಕ್ರಾಂತಿಯ ನಂತರ ಸರ್ಕಾರವು ಚರ್ಚಿನ ಆಸ್ತಿಯನ್ನು ವಶಪಡಿಸಿಕೊಂಡು ಹರಾಜು ಹಾಕಿತು. 1804ರಲ್ಲಿ ಜಾರಿಗೆ ಬಂದ ನೆಪೋಲಿಯನ್ನನ ನಾಗರಿಕ ಸಂಹಿತೆ ಎಲ್ಲ ಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಪ್ರತಿ ತಲೆಮಾರಿನಲ್ಲೂ ತೋಟ ಮತ್ತೆ ಮತ್ತೆ ಹಂಚಿಹೋಯಿತು. ನಮ್ಮ ಕಡೆ ಒಂದು ಸರ್ವೆ ನಂಬರು ಅಣ್ಣತಮ್ಮಂದಿರ ನಡುವೆ ಹಿಸ್ಸೆಗಳಾಗಿ ಒಡೆದು, ಕೊನೆಗೆ ಪಹಣಿಯಲ್ಲಿ ಗುಂಟೆ ಲೆಕ್ಕಕ್ಕೆ ಬಂದು ನಿಲ್ಲುವುದನ್ನು ಬಲ್ಲವರಿಗೆ ಬರ್ಗಂಡಿಯ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ಹಿಸ್ಸೆ ಎಷ್ಟೇ ಚಿಕ್ಕದಾದರೂ ಮೂಲ ತೋಟದ ಹೆಸರನ್ನೂ ದರ್ಜೆಯನ್ನೂ ಪೂರ್ತಿಯಾಗಿ ಉಳಿಸಿಕೊಳ್ಳುತ್ತದೆ.

ಇದಕ್ಕೆ ಕ್ಲೋ ದ ವೂಜೋ ಎಂಬ ತೋಟಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಸೀತೋದ ಸನ್ಯಾಸಿಗಳು ತುಂಡು ತುಂಡಾಗಿ ಸಂಪಾದಿಸಿ, 14ನೆಯ ಶತಮಾನದ ಹೊತ್ತಿಗೆ ಸುತ್ತಲೂ ಕಲ್ಲಿನ ಗೋಡೆ ಕಟ್ಟಿ ಮುಗಿಸಿದ ಈ ತೋಟದ ವಿಸ್ತೀರ್ಣ ಸುಮಾರು 50 ಹೆಕ್ಟೇರ್, ಅಂದರೆ 125 ಎಕರೆಯಷ್ಟು. ಕ್ರಾಂತಿಯ ಕಾಲದಲ್ಲಿ ಮಠದ ಕೈತಪ್ಪಿದರೂ 1889ರವರೆಗೆ ಅದು ಒಡೆಯದೆ ಉಳಿದಿತ್ತು. ಆಮೇಲಿನ ಮಾರಾಟ ಮತ್ತು ಪಾಲುಗಳಿಂದಾಗಿ ಇಂದು ಸುಮಾರು 80 ಮಾಲೀಕರು ಅಲ್ಲಿದ್ದಾರೆ. ಕೆಲವರ ಪಾಲಿಗಿರುವುದು ದ್ರಾಕ್ಷಿಯ ಕೆಲವೇ ಸಾಲುಗಳು. ತೋಟದ ಮೇಲ್ತುದಿ ಇಳಿಜಾರಿನ ಉತ್ತಮ ಭಾಗದಲ್ಲಿದ್ದರೆ ಕೆಳತುದಿ ಬುಡದ ಹೆದ್ದಾರಿಯವರೆಗೂ ಇಳಿದು, ನೀರು ನಿಲ್ಲುವ ಭಾರದ ಮಣ್ಣನ್ನು ಮುಟ್ಟುತ್ತದೆ. ಅಷ್ಟೇ ತಗ್ಗಿನಲ್ಲಿರುವ ಸುತ್ತಮುತ್ತಲಿನ ತೋಟಗಳಿಗೆ ಅತ್ಯುನ್ನತ ದರ್ಜೆ ಸಿಕ್ಕಿಲ್ಲ. ಆದರೆ ಗೋಡೆಯೊಳಗೆ ಇರುವುದೆಲ್ಲ ಒಂದೇ ದರ್ಜೆ, ಅದೂ ಗ್ರಾಂ ಕ್ರೂ ಎಂಬ ಅತ್ಯುನ್ನತ ದರ್ಜೆ. ಸನ್ಯಾಸಿಗಳೇನೋ ಇಡೀ ತೋಟಕ್ಕೆ ತಾವೇ ಒಡೆಯರಾಗಿದ್ದುದರಿಂದ ಮೇಲಿನ ಹಣ್ಣನ್ನೂ ಕೆಳಗಿನ ಹಣ್ಣನ್ನೂ ಬೇಕಾದಂತೆ ಬೆರೆಸಬಹುದಿತ್ತು. ಇಂದು ಕೆಳತುದಿಯಲ್ಲಿ ಮಾತ್ರ ನಾಲ್ಕು ಸಾಲು ಇರುವವನಿಗೆ ಆ ಅನುಕೂಲವಿಲ್ಲ. ನೆಲಕ್ಕೆ ದರ್ಜೆ ಕೊಡುವ ಪದ್ಧತಿಯ ಅತಿ ದೊಡ್ಡ ದೌರ್ಬಲ್ಯ ಇಲ್ಲಿದೆ ಎಂದು ನನ್ನ ಎಣಿಕೆ: ಸನ್ಯಾಸಿಗಳು ಆಸ್ತಿಯ ರಕ್ಷಣೆಗೆ ಕಟ್ಟಿದ ಗೋಡೆಯನ್ನು ಕಾನೂನು ಮಣ್ಣಿನ ಗುಣದ ಗೆರೆಯೆಂದು ಒಪ್ಪಿಕೊಂಡುಬಿಟ್ಟಿತು.

ಬಾಯಿಮಾತಿನ ತಾರತಮ್ಯ ಪಟ್ಟಿಯ ರೂಪ ತಾಳಿದ್ದು 19ನೆಯ ಶತಮಾನದಲ್ಲಿ. ಬೋರ್ಡೋ ಪಟ್ಟಿ ಬಂದ 1855ರಲ್ಲೇ ಡಾಕ್ಟರ್ ಜ್ಯೂಲ್ ಲಾವಾಲ್ ಎಂಬುವರು ಕೋತ್ ದೋರಿನ ತೋಟಗಳನ್ನು ಊರೂರಿಗೂ ವಿಂಗಡಿಸಿ ಒಂದು ಗ್ರಂಥ ಪ್ರಕಟಿಸಿದರು. ಅದನ್ನು ಆಧರಿಸಿ 1860ರ ದಶಕದ ಆರಂಭದಲ್ಲಿ ಬೋನ್‌ನ ಕೃಷಿ ಸಮಿತಿ ಮೂರು ದರ್ಜೆಗಳ ನಕ್ಷೆ ಮಾಡಿತು. ಆದರೆ ಇವು ಯಾವುವೂ ಕಾನೂನಾಗಿರಲಿಲ್ಲ. ಆ ಶತಮಾನದ ಕೊನೆಯಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಬೇರು ತಿನ್ನುವ ಕೀಟ ತೋಟಗಳನ್ನು ಒಣಗಿಸಿತು. ಅಮೆರಿಕದ ಗಿಡದ ಬೇರಿಗೆ ಕಸಿ ಕಟ್ಟಿ ಎಲ್ಲವನ್ನೂ ಹೊಸದಾಗಿ ನೆಡಬೇಕಾಯಿತು. ಕೊರತೆಯ ಕಾಲದಲ್ಲಿ ಕಲಬೆರಕೆಯೂ ಬೆಳೆಯಿತು. ದಕ್ಷಿಣದ ಅಗ್ಗದ ಗಾಢ ವೈನನ್ನು ಬೆರೆಸಿ ಹೆಸರಾಂತ ಊರುಗಳ ಹೆಸರಿನಲ್ಲಿ ಮಾರುವುದು ಗುಟ್ಟಿನ ಸಂಗತಿಯೇನೂ ಆಗಿರಲಿಲ್ಲ. ವೊಲ್ನೆಯ ಮಾರ್ಕಿ ದಾಂಜೆರ್ವಿಲ್, ನ್ವಿ-ಸೇಂ-ಜಾರ್ಜಿನ ಆನ್ರಿ ಗೂಜ್ ಮುಂತಾದ ಬೆಳೆಗಾರರು ಇದರ ವಿರುದ್ಧ ಹೋರಾಡಿ, ವರ್ತಕರನ್ನು ಬಿಟ್ಟು ತಾವೇ ಬಾಟಲಿ ತುಂಬಿ ಮಾರತೊಡಗಿದರು. 1935ರ ಜುಲೈನಲ್ಲಿ ಬಂದ ರಾಷ್ಟ್ರೀಯ ಕಾನೂನು ಈ ಹೋರಾಟಗಳಿಗೆ ನೆಲೆ ಒದಗಿಸಿತು: ಯಾವ ಹೆಸರನ್ನು ಯಾವ ಗಡಿಯೊಳಗಿನ ವೈನಿಗೆ, ಯಾವ ತಳಿಯಿಂದ, ಎಷ್ಟು ಇಳುವರಿಯ ಮಿತಿಯಲ್ಲಿ ಬಳಸಬಹುದು ಎಂಬುದನ್ನು ಅದು ನಿಗದಿಪಡಿಸಿತು. ನಂಜನಗೂಡು ರಸಬಾಳೆಗೂ ಬೆಂಗಳೂರು ನೀಲಿ ದ್ರಾಕ್ಷಿಗೂ ಸಿಕ್ಕಿರುವ ಭೌಗೋಳಿಕ ಸೂಚ್ಯಂಕದ ಮನ್ನಣೆ ಇದೇ ವಿಚಾರದ ಸಂತತಿಗೆ ಸೇರಿದ್ದು. ಆದರೆ ನಮ್ಮ ಕಾನೂನು ಹೆಸರಿನ ಗಡಿಯನ್ನಷ್ಟೇ ಕಾಯುತ್ತದೆ, ಗಡಿಯೊಳಗಿನ ಹೊಲಹೊಲಕ್ಕೂ ಮೇಲುಕೀಳು ಕಟ್ಟುವುದಿಲ್ಲ.

ಬರ್ಗಂಡಿಯಲ್ಲಿ ಈಗ ನಾಲ್ಕು ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಕೆಳಗೆ, ಒಟ್ಟು ಉತ್ಪಾದನೆಯ ಅರ್ಧದಷ್ಟನ್ನು ಆವರಿಸಿರುವ ಪ್ರಾದೇಶಿಕ ದರ್ಜೆ. ಇಲ್ಲಿ ಲೇಬಲ್ ಮೇಲೆ ಬೂರ್ಗೋನ್ ಎಂಬ ಇಡೀ ಪ್ರದೇಶದ ಹೆಸರಿರುತ್ತದೆ. ಅದರ ಮೇಲೆ ಊರಿನ ದರ್ಜೆ. ಒಟ್ಟು 44 ಹೆಸರುಗಳು, ಉತ್ಪಾದನೆಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಊರಿನೊಳಗೆ ಉತ್ತಮವೆಂದು ಆರಿಸಲಾದ ಕ್ಲಿಮಾಗಳಿಗೆ ಪ್ರೆಮಿಯೆ ಕ್ರೂ ಎಂಬ ಮೂರನೆಯ ದರ್ಜೆ. ಇದನ್ನು ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ ಜಾರಿಗೆ ತರಲಾಯಿತು. ಇಂಥ ಹೆಸರುಗಳು ಈಗ 600ಕ್ಕೂ ಹೆಚ್ಚಿವೆ, ಉತ್ಪಾದನೆಯಲ್ಲಿ ಪಾಲು ಸುಮಾರು ಶೇಕಡಾ 10. ಶಿಖರದಲ್ಲಿರುವುದು ಗ್ರಾಂ ಕ್ರೂ; ಒಟ್ಟು 33, ಪಾಲು ಶೇಕಡಾ 1ರಿಂದ 2. ಈ 33ರಲ್ಲಿ 24 ಕೋತ್ ದ ನ್ವಿಯಲ್ಲಿ, 8 ಕೋತ್ ದ ಬೋನ್‌ನಲ್ಲಿ, ಉಳಿದ ಒಂದು ಶಾಬ್ಲಿಯಲ್ಲಿ. ಶಾಬ್ಲಿಯ ಆ ಒಂದರೊಳಗೆ ಏಳು ಕ್ಲಿಮಾಗಳು ಸೇರಿವೆ. ಮೆಟ್ಟಿಲು ಏರಿದಂತೆ ಅನುಮತಿಸಿದ ಇಳುವರಿ ಇಳಿಯುತ್ತದೆ: ಊರಿನ ದರ್ಜೆಯ ಕೆಂಪು ವೈನಿಗೆ ಹೆಕ್ಟೇರಿಗೆ ಸುಮಾರು 40 ಹೆಕ್ಟೋಲೀಟರ್ (ಒಂದು ಹೆಕ್ಟೋಲೀಟರ್ ಎಂದರೆ 100 ಲೀಟರ್) ಇದ್ದರೆ, ಗ್ರಾಂ ಕ್ರೂ ಕೆಂಪಿಗೆ 35ರ ಆಸುಪಾಸು. ಗೊಂಚಲು ಕಡಿಮೆಯಾದಷ್ಟೂ ಉಳಿದ ಹಣ್ಣಿನಲ್ಲಿ ಸತ್ವ ಗಟ್ಟಿಯಾಗುತ್ತದೆ ಎಂಬುದು ಇದರ ಹಿಂದಿನ ನಂಬಿಕೆ.

ಲೇಬಲ್ ಓದುವವರು ಎಡವುವುದು ಊರಿಗೂ ತೋಟಕ್ಕೂ ಇರುವ ಹೆಸರಿನ ಹೋಲಿಕೆಯಲ್ಲಿ. ಕೋತ್ ದೋರಿನ ಗ್ರಾಂ ಕ್ರೂ ಬಾಟಲಿಯ ಮೇಲೆ ಊರಿನ ಹೆಸರೇ ಇರುವುದಿಲ್ಲ. ಶಾಂಬೆರ್ತಾಂ ಎಂದೋ ಮ್ಯುಸಿನ್ಯಿ ಎಂದೋ ತೋಟದ ಹೆಸರೊಂದೇ ಸಾಕು. ಇಂಥ ತೋಟಗಳ ಕೀರ್ತಿಯಲ್ಲಿ ಪಾಲು ಪಡೆಯಲು ಊರುಗಳು 19ನೆಯ ಶತಮಾನದಿಂದ ತಮ್ಮ ಹೆಸರಿಗೆ ಅವುಗಳ ಹೆಸರನ್ನು ಅಂಟಿಸಿಕೊಳ್ಳತೊಡಗಿದವು. 1847ರಲ್ಲಿ ಜೆವ್ರೆ ಎಂಬ ಊರು ಜೆವ್ರೆ-ಶಾಂಬೆರ್ತಾಂ ಆಯಿತು. ಮೋಂರಾಶೆ ಎಂಬ ಸುಮಾರು 8 ಹೆಕ್ಟೇರಿನ ಬಿಳಿ ವೈನಿನ ತೋಟ ಎರಡು ಊರುಗಳ ಗಡಿಯ ಮೇಲೆ ಹರಡಿಕೊಂಡಿದ್ದರಿಂದ ಪ್ಯುಲಿನ್ಯಿ, ಶಸ್ಸಾನ್ಯ್ ಎರಡೂ ಊರುಗಳು ಆ ಹೆಸರನ್ನು ಹಿಡಿದುಕೊಂಡವು. ಹೀಗಾಗಿ ಉದ್ದನೆಯ ಹೆಸರು ಕಂಡು ದೊಡ್ಡ ವೈನೆಂದು ಭಾವಿಸುವುದು ತಪ್ಪಾಗುತ್ತದೆ: ಜೆವ್ರೆ-ಶಾಂಬೆರ್ತಾಂ ಎಂದಷ್ಟೇ ಇದ್ದರೆ ಅದು ಎರಡನೆಯ ಮೆಟ್ಟಿಲಿನ ಊರಿನ ವೈನು, ಅದರ ಜೊತೆ ಪ್ರೆಮಿಯೆ ಕ್ರೂ ಎಂದೂ ಕ್ಲೋ ಸೇಂ-ಜಾಕ್ ಎಂಬ ತೋಟದ ಹೆಸರೂ ಇದ್ದರೆ ಮೂರನೆಯದು, ಬರೀ ಶಾಂಬೆರ್ತಾಂ ಎಂದಿದ್ದರೆ ನಾಲ್ಕನೆಯದು. ಹಲವು ಪ್ರೆಮಿಯೆ ಕ್ರೂ ತೋಟಗಳ ಹಣ್ಣನ್ನು ಬೆರೆಸಿದ್ದರೆ ತೋಟದ ಹೆಸರಿಲ್ಲದೆ ದರ್ಜೆಯನ್ನಷ್ಟೇ ಬರೆಯುತ್ತಾರೆ. ತೋಟವಿಡೀ ಒಬ್ಬರದೇ ಆಗಿದ್ದರೆ ಮೊನೊಪೋಲ್ ಎಂಬ ಪದ ಕಾಣಿಸುತ್ತದೆ.

ಮೊನೊಪೋಲ್‌ಗಳಲ್ಲೆಲ್ಲ ಪ್ರಸಿದ್ಧವಾದದ್ದು ವೋನ್-ರೊಮಾನೆ ಊರಿನ ರೊಮಾನೆ-ಕೋಂತಿ. ಅದರ ವಿಸ್ತೀರ್ಣ ಕೇವಲ 1.8 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಎಕರೆ. 1760ರಲ್ಲಿ ಅದನ್ನು ಕೊಂಡ ಕೋಂತಿಯ ರಾಜಕುಮಾರನ ಹೆಸರೇ ಅದಕ್ಕೆ ಉಳಿದುಕೊಂಡಿದೆ. ಕಸಿ ಕಟ್ಟದ ಹಳೆಯ ಗಿಡಗಳನ್ನು 1945ರ ಕೊಯ್ಲಿನ ನಂತರ ಕಿತ್ತು ಮರುನಾಟಿ ಮಾಡಿದ್ದರಿಂದ 1946ರಿಂದ 1951ರವರೆಗೆ ಅಲ್ಲಿಂದ ವೈನೇ ಬರಲಿಲ್ಲ. ಆ ಕೊನೆಯ ಕೊಯ್ಲಿನಿಂದ ತುಂಬಿದ್ದು ಸುಮಾರು 600 ಬಾಟಲಿ. ಅದರಲ್ಲಿ ಒಂದು 2018ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5,58,000 ಡಾಲರಿಗೆ ಮಾರಾಟವಾಯಿತು. ಇಂಥ ಬೆಲೆಯಲ್ಲಿ ರುಚಿಗಿಂತ ಕೊರತೆಯ ಪಾಲೇ ದೊಡ್ಡದು ಎಂದು ಬೇರೆ ಹೇಳಬೇಕಾಗಿಲ್ಲ.

ನೆಲದ ದರ್ಜೆ ಗೊತ್ತಾದ ಮಾತ್ರಕ್ಕೆ ಬಾಟಲಿಯೊಳಗಿನ ವೈನು ಗೊತ್ತಾದಂತಲ್ಲ. ಗೊಂಚಲು ಎಷ್ಟು ಬಿಡಬೇಕು, ಯಾವ ದಿನ ಕೊಯ್ಯಬೇಕು, 228 ಲೀಟರಿನ ಓಕ್ ಪೀಪಾಯಿಗಳಲ್ಲಿ ಹೊಸವು ಎಷ್ಟಿರಬೇಕು ಎಂಬ ತೀರ್ಮಾನಗಳೆಲ್ಲ ತಯಾರಕರವು. ತಮ್ಮ ತೋಟದ ಹಣ್ಣಿನಿಂದಲೇ ವೈನು ಮಾಡುವವರನ್ನು ದೊಮೇನ್ ಎಂದೂ, ಬೆಳೆಗಾರರಿಂದ ಹಣ್ಣನ್ನೋ ವೈನನ್ನೋ ಕೊಂಡು ತಮ್ಮ ಹೆಸರಿನಲ್ಲಿ ಮಾರುವ ವರ್ತಕರನ್ನು ನೆಗೋಸಿಯಾಂ ಎಂದೂ ಕರೆಯುತ್ತಾರೆ. ದೊಮೇನ್ ಎಂದೊಡನೆ ಉತ್ತಮ, ವರ್ತಕರದೆಂದೊಡನೆ ಕೀಳು ಎಂಬ ಹಳೆಯ ಅಭಿಪ್ರಾಯಕ್ಕೆ ಈಗ ಆಧಾರವಿಲ್ಲ. ದೊಡ್ಡ ವರ್ತಕ ಸಂಸ್ಥೆಗಳಿಗೂ ಒಳ್ಳೆಯ ತೋಟಗಳ ಸ್ವಂತ ಒಡೆತನವಿದೆ. ಬರ್ಗಂಡಿಯನ್ನು ಬಲ್ಲವರು ಮೊದಲು ತಯಾರಕರ ಹೆಸರನ್ನು ನೋಡಿ ಆಮೇಲೆ ತೋಟದ ಹೆಸರಿಗೆ ಬರುತ್ತಾರೆ. ನುರಿತ ಕೈಯ ಊರಿನ ವೈನು ಅಸಡ್ಡೆಯ ಗ್ರಾಂ ಕ್ರೂವನ್ನು ಮೀರಿಸುವುದು ಅಪರೂಪದ ಸಂಗತಿಯಲ್ಲ. ಮಾರುಕಟ್ಟೆಯೂ ಕಾನೂನಿಗೆ ಸಮಾಂತರವಾಗಿ ತನ್ನದೇ ಶ್ರೇಣಿಯೊಂದನ್ನು ನಡೆಸುತ್ತದೆ. ಮೇಲೆ ಹೇಳಿದ ಕ್ಲೋ ಸೇಂ-ಜಾಕ್ ಕಾನೂನಿನಲ್ಲಿ ಪ್ರೆಮಿಯೆ ಕ್ರೂ ಆದರೂ ಅದರ ಐದು ಮಾಲೀಕರ ವೈನುಗಳು ಜೆವ್ರೆಯ ಹಲವು ಗ್ರಾಂ ಕ್ರೂಗಳಿಗಿಂತ ದುಬಾರಿ. ಮೆರ್ಸೋ, ಪೊಮ್ಮಾರ್, ವೊಲ್ನೆಗಳಂಥ ಹೆಸರಾಂತ ಊರುಗಳ ಹೆಸರಿನಲ್ಲಿ ಒಂದೂ ಗ್ರಾಂ ಕ್ರೂ ಇಲ್ಲ, ಆದರೆ ಮೆರ್ಸೋದ ಪೆರಿಯೇರ್ ತೋಟದ ಬಿಳಿ ವೈನನ್ನು ಯಾರೂ ಎರಡನೆಯ ಸಾಲಿನದೆಂದು ಭಾವಿಸುವುದಿಲ್ಲ.

ಪಟ್ಟಿ ಕಲ್ಲಿನಲ್ಲಿ ಕೊರೆದದ್ದೇನೂ ಅಲ್ಲ, ಆದರೆ ತಿದ್ದುಪಡಿಗೆ ದಶಕಗಳು ಹಿಡಿಯುತ್ತವೆ. ಒಂದು ಕಡೆ ರೊಮಾನೆ-ಕೋಂತಿ, ಇನ್ನೊಂದು ಕಡೆ ಲಾ ತಾಶ್, ಇವೆರಡರ ನಡುವೆ ಇರುವ ಲಾ ಗ್ರಾಂದ್ ರ್ಯೂ ಎಂಬ ಸಪೂರ ತೋಟಕ್ಕೆ 1930ರ ದಶಕದಲ್ಲಿ ಮಾಲೀಕರು ಅರ್ಜಿ ಹಾಕಲಿಲ್ಲ. ಅದು ಗ್ರಾಂ ಕ್ರೂ ಆದದ್ದು 1992ರಲ್ಲಿ. ಮಾಕೋನೆ ಭಾಗದಲ್ಲಿ ಒಂದೂ ಪ್ರೆಮಿಯೆ ಕ್ರೂ ಇಲ್ಲವೆಂಬ ಕೊರಗು 2020ರಲ್ಲಿ ಪುಯ್ಯಿ-ಫ್ಯುಸ್ಸೆಯ 22 ಕ್ಲಿಮಾಗಳಿಗೆ ಆ ದರ್ಜೆ ದೊರೆತಾಗ ನೀಗಿತು. ಇಳಿಸಿದ ಉದಾಹರಣೆ ಹುಡುಕುವುದು ಕಷ್ಟ, ಏಕೆಂದರೆ ದರ್ಜೆ ಎಂದರೆ ಭೂಮಿಯ ಬೆಲೆ, ಭೂಮಿಯ ಬೆಲೆ ಎಂದರೆ ಕುಟುಂಬದ ಆಸ್ತಿ.

ಈ ಪದ್ಧತಿಯ ಮೇಲೆ ಈಗ ಬೀಳುತ್ತಿರುವ ಒತ್ತಡ ಹವಾಮಾನದ್ದು. ಬೋನ್‌ನಲ್ಲಿ ದ್ರಾಕ್ಷಿ ಕೊಯ್ಲಿನ ದಿನಾಂಕಗಳನ್ನು 1354ರಿಂದ 2018ರವರೆಗೆ ಕಡತಗಳಿಂದ ಸಂಗ್ರಹಿಸಿ ನೋಡಿದ ಸಂಶೋಧಕರಿಗೆ, 1987ರವರೆಗೆ ಸರಾಸರಿ ಸೆಪ್ಟೆಂಬರ್ 28ರ ಸುಮಾರಿಗೆ ಆರಂಭವಾಗುತ್ತಿದ್ದ ಕೊಯ್ಲು 1988ರಿಂದ ಈಚೆಗೆ ಸರಾಸರಿ 13 ದಿನ ಮುಂಚಿತವಾಗಿರುವುದು ಕಂಡುಬಂತು. ಚಿಗುರು ಬೇಗ ಒಡೆಯುವುದರಿಂದ ಏಪ್ರಿಲ್ ಹಿಮಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತದೆ. 2016ರಲ್ಲೂ 2021ರಲ್ಲೂ ಬೆಳೆಯ ದೊಡ್ಡ ಭಾಗ ಹೀಗೇ ಹೋಯಿತು. ಹಣ್ಣು ಪಕ್ವವಾಗಲು ಹೆಣಗುತ್ತಿದ್ದ ತಂಪು ಶತಮಾನಗಳಲ್ಲಿ ಎಲ್ಲಿ ಚೆನ್ನಾಗಿ ಪಕ್ವವಾಗುತ್ತಿತ್ತೋ ಆ ನೆಲಕ್ಕೆ ಮೇಲಿನ ದರ್ಜೆ ಸಿಕ್ಕಿತ್ತು. ಈಗ ಬಿಸಿ ವರ್ಷಗಳಲ್ಲಿ ಆ ತೋಟಗಳಲ್ಲಿ ಹಣ್ಣಿನ ಸಕ್ಕರೆ ಏರಿ ಹುಳಿ ಇಳಿಯುತ್ತಿದ್ದರೆ, ಹಿಂದೆ ಚಳಿಯೆಂದು ತಾತ್ಸಾರಕ್ಕೆ ಗುರಿಯಾಗಿದ್ದ, ಕೋತ್ ದೋರಿನ ಹಿಂಬದಿಯ ಎತ್ತರದ ಓತ್-ಕೋತ್ ಗುಡ್ಡಗಳಲ್ಲಿ ಪಿನೋ ನ್ವಾರ್ ಪೂರ್ತಿ ಹಣ್ಣಾಗುತ್ತಿದೆ. ಅದರ ಲೇಬಲ್ ಮೇಲೆ ಇಂದಿಗೂ ಬೂರ್ಗೋನ್ ಓತ್-ಕೋತ್ ದ ನ್ವಿ ಅಥವಾ ಓತ್-ಕೋತ್ ದ ಬೋನ್ ಎಂಬ ಮೊದಲ ಮೆಟ್ಟಿಲಿನ ಹೆಸರೇ ಇರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ. ಬರ್ಗಂಡಿಯ ಪರಿಚಯ ಮಾಡಿಕೊಳ್ಳಲು ಹೊರಟವರು, ಒಳ್ಳೆಯ ತಯಾರಕರ ಹೆಸರನ್ನು ಖಚಿತಪಡಿಸಿಕೊಂಡು, ಅಲ್ಲಿಂದಲೇ ಆರಂಭಿಸಬಹುದು.